ನಗರದ ದಂಗೆ: ಕೂಟ, ದಂಡು ಮತ್ತು ಚರಿತ್ರಕಾರ

ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಈ ಮೂರು ತಾಲ್ಲೂಕುಗಳು ಕೆಳದಿಯ ನಾಯಕರ ರಾಜ್ಯದ ಮೂಲಭೂಮಿ. ಕೆಳದಿ, ಇಕ್ಕೇರಿಗಳು ಸಾಗರದ ಸೀಮೆಯಲ್ಲಿವೆ; ಕವಲೇದುರ್ಗವು ತೀರ್ಥಹಳ್ಳಿಗೆ ಸೇರಿದೆ; ೧೭೬೩ರಲ್ಲಿ ಹೈದರಾಲಿಯು ಗೆದ್ದು ಹೈದರನಗರವೆಂದು ಹೆಸರಿಟ್ಟ ಬಿದನೂರು ಹೊಸನಗರ ತಾಲ್ಲೂಕಿನ ಇಂದಿನ ನಗರ. ಈ ಊರಿನ ಹೆಸರಿನಿಂದಲೇ ೧೮೩೦-೩೧ರ ನಗರದ ದಂಗೆ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಮೈಸೂರಿನ ಅರಸರಾದ ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಎದುರಾಗಿ ಎದ್ದ ಈ ದಂಗೆಯನ್ನು ಕೆಲವರು ದರೋಡೆಕಾರರ ಕೃತ್ಯವೆಂದೂ, ಕೆಲವರು ದುರಾಡಳಿತದ ಫಲವೆಂದೂ, ಮತ್ತೆ ಕೆಲವರು ರೈತರ ಸಶಸ್ತ್ರ ಹೋರಾಟವೆಂದೂ ವ್ಯಾಖ್ಯಾನಿಸಿದ್ದಾರೆ. ಈ ವ್ಯಾಖ್ಯಾನಗಳು ಎಷ್ಟರ ಮಟ್ಟಿಗೆ ಒಪ್ಪತಕ್ಕವು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸಂಗತಿಗಳನ್ನು ಸಂಕ್ಷೇಪವಾಗಿ ನೋಡೋಣ. ೧೭೯೯ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ಕಂಪನಿಗೆ ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿಯನ್ನು ತೆರಬೇಕಾಗಿತ್ತು. ೧೮೧೧ರಲ್ಲಿ ದಿವಾನ್ ಪೂರ್ಣಯ್ಯನವರು ನಿವೃತ್ತರಾದ ತರುವಾಯ ಶರತ್ತಿನ ಪದ್ಧತಿ ಬಲಿಯಿತು. ಅಮಲ್ದಾರನು ಇಷ್ಟು ಹಣವನ್ನು ಎತ್ತಿಕೊಡುವೆನೆಂದು ಮುಂಗಡವಾಗಿ ಕರಾರು ಬರೆದುಕೊಡುವನು; ಕೊರತೆ ಬಿದ್ದರೆ ರೈತನಿಂದಲೇ ಹಿಂಡುವನು. ನಗರದ ಫೌಜುದಾರಿಯಲ್ಲಿ ಇದರ ಜೊತೆಗೆ ಇನ್ನೊಂದು ತೊಡಕು ಸೇರಿತು. ಹಿಂದಿನ ಫೌಜುದಾರನು ಬಿಟ್ಟುಕೊಟ್ಟಿದ್ದ ಬಾಕಿಗಳನ್ನು ಮುಂದಿನವನು ಅಕ್ರಮವೆಂದು ತಳ್ಳಿ ಮತ್ತೆ ವಸೂಲಿಗೆ ತಂದನು. ಮನ್ನಾ ಆಯಿತೆಂದು ನಂಬಿದ್ದ ಸಾಲವು ಮರಳಿ ಬಾಗಿಲಿಗೆ ಬಂದಾಗ ರೈತರು ಊರೂರಿನಲ್ಲಿ ಕೂಟ ಸೇರಿದರು, ಕಂದಾಯ ಕೊಡೆವೆಂದರು. ಮೇಲಿನಿಂದ ಬಂದ ಉತ್ತರ ಸೈನ್ಯ ಮತ್ತು ನೇಣು. ಅಷ್ಟರಲ್ಲಿ ಸಾದರಮಲ್ಲನೆಂಬವನು ಬೂದಿ ಬಸವಪ್ಪನೆಂಬ ಹೆಸರಿನಿಂದ, ತಾನು ಕೆಳದಿಯ ವಂಶಜನೆಂದು ಸಾರುತ್ತ ಮುಂದೆ ಬಂದನು. ತರೀಕೆರೆಯ ಪಾಳೆಯಗಾರ ಮನೆತನದ ರಂಗಪ್ಪ ನಾಯಕನು ತನ್ನ ಹಳೆಯ ದುರ್ಗಗಳನ್ನು ಹಿಡಿದನು. ಅರಸರ ಸೈನ್ಯ ಸಾಲದೆ ಹೋಗಲು ಕಂಪನಿಯ ಪಡೆ ಬಂದಿತು. ೧೮೩೧ರ ಜೂನಿನಲ್ಲಿ ನಗರವು ಕೈವಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಅರಸರಿಂದ ಆಡಳಿತವನ್ನು ಕಿತ್ತುಕೊಂಡನು. ೧೮೮೧ರವರೆಗೆ ಅದು ಬ್ರಿಟಿಷರ ಕೈಯಲ್ಲಿಯೇ ಉಳಿಯಿತು.

ದಂಗೆಯ ಕಾರಣಗಳನ್ನು ವಿಚಾರಿಸಲು ನೇಮಕವಾದ ಸಮಿತಿಯಲ್ಲಿ ಹಾಕರ್, ಮಾರಿಸನ್, ಮೆಕ್ಲೌಡ್, ಕಬ್ಬನ್ ಎಂಬ ನಾಲ್ವರಿದ್ದರು. ೧೮೩೩ರ ಅವರ ವರದಿಯೇ ಮುಂದೆ ರೈಸ್ ಸಾಹೇಬರ ಗೆಜೆಟಿಯರಿಗೂ, ಅದರ ಮೂಲಕ ನಮ್ಮ ಪಠ್ಯಪುಸ್ತಕಗಳಿಗೂ ಆಧಾರವಾಯಿತು. ಈ ಪರಂಪರೆಯ ಬರಹದಲ್ಲಿ ಎರಡು ಮಾತುಗಳು ಜೊತೆಜೊತೆಯಾಗಿ ನಡೆಯುತ್ತವೆ. ಅರಸರ ದುರಾಡಳಿತವೇ ದಂಗೆಗೆ ಕಾರಣವೆಂಬುದು ಒಂದು. ಬೂದಿ ಬಸವಪ್ಪನು ದರೋಡೆಯ ಆರೋಪದ ಮೇಲೆ ಸೆರೆಯಲ್ಲಿದ್ದವನು, ಕೆಳದಿಯ ಅರಸರ ಮುದ್ರೆಗಳನ್ನು ಒಬ್ಬ ಜಂಗಮನಿಂದ ಪಡೆದ ವಂಚಕನು, ಅವನೇ ಜನರನ್ನು ಕೆರಳಿಸಿದನೆಂಬುದು ಇನ್ನೊಂದು.

ಈ ಎರಡು ಮಾತುಗಳೂ ಬಿಡಿಬಿಡಿಯಾಗಿ ನಿಜವಿರಬಹುದು. ಆದರೆ ಅವು ಮಾಡಿದ ಕೆಲಸಗಳು ಬೇರೆ. ದಂಗೆಯು ದರೋಡೆಕಾರನ ಸೃಷ್ಟಿಯಾಗಿದ್ದರೆ ಅದನ್ನು ಅಡಗಿಸಲು ಸೈನ್ಯವನ್ನು ಕಳುಹಿಸಿದುದು ಸರಿ. ಆದರೆ ಅರಸರನ್ನು ಇಳಿಸಲು ಅದರಲ್ಲಿ ಕಾರಣವಿಲ್ಲ. ದಂಗೆಯು ಅರಸರ ನಿರಂಕುಶತೆಯ ಫಲವಾಗಿದ್ದರೆ ಅವರನ್ನು ಇಳಿಸಿದುದಕ್ಕೆ ಸಮರ್ಥನೆ ಉಂಟು. ಆದರೆ ಆ ನಿರಂಕುಶತೆಯನ್ನು ಎದುರಿಸಿದ ರೈತನ ಮೇಲೆ ಗುಂಡು ಹಾರಿಸಿದುದಕ್ಕೆ ಸಮರ್ಥನೆ ಇಲ್ಲ. ಜೂನ್ ತಿಂಗಳಲ್ಲಿ ಮೊದಲನೆಯ ತರ್ಕವೂ ಅಕ್ಟೋಬರಿನಲ್ಲಿ ಎರಡನೆಯ ತರ್ಕವೂ ಕಂಪನಿಗೆ ಒದಗಿಬಂದವು. ನಾಲ್ಕು ತಿಂಗಳ ಅಂತರದಲ್ಲಿ ಒಂದೇ ಘಟನೆಗೆ ಇಬ್ಬರು ಅಪರಾಧಿಗಳು ದೊರಕಿದರು. ರೈತನ ಅಹವಾಲು ಇಬ್ಬರ ನಡುವೆ ಕಾಣೆಯಾಯಿತು. ಪ್ರತಿವರ್ಷ ತಪ್ಪದೆ ಸಲ್ಲಬೇಕಾಗಿದ್ದ ಪೊಗದಿಯು ಅಮಲ್ದಾರನ ಶರತ್ತಿನ ಹಿಂದೆ ಎಷ್ಟರ ಮಟ್ಟಿಗೆ ನಿಂತಿತ್ತೆಂಬ ಪ್ರಶ್ನೆಯೂ ಹಿಂದೆ ಸರಿಯಿತು.

ದುರಾಡಳಿತವೊಂದೇ ಸಾಕಾದ ಕಾರಣವಲ್ಲವೆಂಬುದಕ್ಕೆ ಘಟ್ಟದ ಕೆಳಗೇ ಸಾಕ್ಷ್ಯವಿದೆ. ಅದೇ ೧೮೩೦-೩೧ರಲ್ಲಿ ಕನ್ನಡ ಜಿಲ್ಲೆಯ ರೈತರೂ ಕೂಟಗಳನ್ನು ಸೇರಿ ಕಂದಾಯವನ್ನು ತಡೆಹಿಡಿದರು. ಅಲ್ಲಿ ಒಡೆಯರ ಫೌಜುದಾರನಿರಲಿಲ್ಲ. ಕಂಪನಿಯ ಕಲೆಕ್ಟರನೇ ಇದ್ದನು. ಘಟ್ಟದ ಮೇಲೆ ಅರಸನನ್ನು ಇಳಿಸಲು ಕಾರಣವಾದ ರೋಗವು ಘಟ್ಟದ ಕೆಳಗೆ ಕಂಪನಿಯದೇ ಮನೆಯಲ್ಲಿತ್ತು. ಇದರಿಂದ ಮುಮ್ಮಡಿಯವರ ಆಡಳಿತ ನಿರ್ದೋಷವೆಂದು ಸಿದ್ಧವಾಗುವುದಿಲ್ಲ. ಆ ಕಾಲದ ಕಂದಾಯದ ಭಾರವು ಒಬ್ಬ ಅರಸನ ಗುಣದೋಷಗಳಿಗಿಂತ ದೊಡ್ಡದಾಗಿತ್ತೆಂಬುದಷ್ಟೇ ಸಿದ್ಧವಾಗುತ್ತದೆ.

ಇನ್ನು ಬೂದಿ ಬಸವಪ್ಪನ ಪಾತ್ರ. ಅವನ ಪೂರ್ವವೃತ್ತವನ್ನು ದಾಖಲೆಗಳು ವಿಸ್ತಾರವಾಗಿ ಹೇಳುತ್ತವೆ; ಜನರು ಅವನನ್ನು ಏಕೆ ನಂಬಿದರೆಂಬುದನ್ನು ಅಷ್ಟಾಗಿ ವಿಚಾರಿಸುವುದಿಲ್ಲ. ಅವನು ರೈತರಿಗೆ ಕೊಟ್ಟ ವಾಗ್ದಾನವನ್ನು ಗಮನಿಸಿದರೆ ಉತ್ತರ ದೊರೆಯುತ್ತದೆ: ಬಾಕಿಯೆಲ್ಲ ಮನ್ನಾ, ಮತ್ತು ಮುಂದೆ ತೆರುವ ಒಂದೊಂದು ವರಹಕ್ಕೆ ಒಂದೇ ರೂಪಾಯಿ. ವರಹದ ಬೆಲೆ ಸುಮಾರು ಮೂರು ರೂಪಾಯಿಯಾಗಿದ್ದ ಕಾಲದಲ್ಲಿ ಇದು ಕಂದಾಯವನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸುವ ಮಾತು. ಸಿಂಹಾಸನವನ್ನು ಬಯಸಿದವನು ಕೂಟದ ಭಾಷೆಯನ್ನು ಕಲಿಯಬೇಕಾಯಿತು. ಕೂಟವು ಅವನಿಂದ ಹುಟ್ಟಲಿಲ್ಲ. ಕೆಳದಿಯ ಹೆಸರು ಏಕೆ ಬೇಕಾಯಿತೆಂಬುದೂ ವಿಚಾರಯೋಗ್ಯ. ಹದಿನೇಳನೆಯ ಶತಮಾನದಲ್ಲಿ ಶಿವಪ್ಪ ನಾಯಕನು ನೆಲಗಳನ್ನು ಪರೀಕ್ಷಿಸಿ ವಿಧಿಸಿದ ಶಿಸ್ತು ಈ ಸೀಮೆಯಲ್ಲಿ ನ್ಯಾಯವಾದ ಕಂದಾಯಕ್ಕೆ ಮಾದರಿಯಾಗಿ ಉಳಿದಿತ್ತು. ಬಸವಪ್ಪನ ಮುದ್ರೆಯು ಕಳ್ಳಮುದ್ರೆಯೇ ಆಗಿರಲಿ, ಜನರು ಅದರಲ್ಲಿ ಕಂಡುದು ಆ ನಿಶ್ಚಿತವಾದ ಶಿಸ್ತನ್ನೇ ಎಂದು ಊಹಿಸುವುದು ಅಸಂಗತವಾಗದು. ಕೊಡಗಿನಲ್ಲಿ ಹಾಲೇರಿಯ ಅರಸು ೧೮೩೪ರಲ್ಲಿ ಅಳಿದ ಮೇಲೆ ೧೮೩೭ರ ದಂಗೆಯಲ್ಲಿ ಪುಟ್ಟಬಸಪ್ಪನು ಕಲ್ಯಾಣಸ್ವಾಮಿಯ ಹೆಸರನ್ನು ಧರಿಸಿದುದನ್ನು ಇದಕ್ಕೆ ಹೋಲಿಸಬಹುದು.

ರಂಗಪ್ಪ ನಾಯಕನ ಸಂಗತಿ ಬೇರೆ. ಅವನಿಗೆ ಬೇಕಾದುದು ಕಳೆದುಹೋದ ಪಾಳೆಯಪಟ್ಟು. ರೈತನ ಬಾಕಿಗೂ ಅವನ ದುರ್ಗಕ್ಕೂ ಇದ್ದ ಸಂಬಂಧ ಸಂದರ್ಭದ್ದೇ ಹೊರತು ಉದ್ದೇಶದ್ದಲ್ಲ. ಕೂಟವು ಕೇಳಿದುದು ರಿಯಾಯಿತಿ. ದಂಡು ಕೇಳಿದುದು ರಾಜ್ಯ. ಕೂಟದ ಮಾತಿಗೆ ಕಿವಿಗೊಡದೆ ಹೋದುದರಿಂದಲೇ ದಂಡಿಗೆ ಎಡೆಯಾಯಿತು. ಈ ಭೇದವನ್ನು ಮರೆತಲ್ಲಿ ನಗರದ ದಂಗೆಯ ಚರಿತ್ರೆ ಕಲಸಿಹೋಗುತ್ತದೆ.

ನಮ್ಮ ಕಾಲದಲ್ಲಿ ಈ ದಂಗೆಗೆ ಹೊಸ ಅರ್ಥವನ್ನು ಕೊಟ್ಟ ಗ್ರಂಥಗಳಲ್ಲಿ ‘ಸಾಕಿ’ ಎಂಬ ಹೆಸರಿನಿಂದ ಸಾಕೇತ್ ರಾಜನ್ ಇಂಗ್ಲಿಷಿನಲ್ಲಿ ಬರೆದ ‘ಮೇಕಿಂಗ್ ಹಿಸ್ಟರಿ’ ಮುಖ್ಯವಾದುದು. ಅದರ ಎರಡನೆಯ ಸಂಪುಟವು ೧೮೦೦ರಿಂದ ೧೮೫೭ರವರೆಗಿನ ಕಾಲವನ್ನು ಸಶಸ್ತ್ರ ಹೋರಾಟದ ಯುಗವೆಂದು ಚಿತ್ರಿಸುತ್ತದೆ. ದರೋಡೆಯೆಂದು ಬರೆದಿಟ್ಟಿದ್ದ ಕಡೆ ರೈತನನ್ನು ಕಂಡುದು ಈ ಗ್ರಂಥದ ಗುಣ; ಅದನ್ನು ಅಲ್ಲಗಳೆಯಲಾಗದು. ಗ್ರಂಥಕಾರನು ತಾನೇ ಶಸ್ತ್ರವನ್ನು ಹಿಡಿದು ಮಲೆನಾಡಿನ ಕಾಡನ್ನು ಸೇರಿದವನು. ೨೦೦೫ರ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದನು. ಈ ಕಾರಣದಿಂದ ಗ್ರಂಥವನ್ನು ಓದದೆ ತಳ್ಳುವುದು ವಿಮರ್ಶೆಯಲ್ಲ. ಈ ಕಾರಣದಿಂದಲೇ ಅದನ್ನು ಒಪ್ಪುವುದೂ ವಿಮರ್ಶೆಯಲ್ಲ. ಅದರ ದೋಷವಿರುವುದು ಬೇರೆಡೆಯಲ್ಲಿ. ಸಮಿತಿಯ ವರದಿಯು ಯಾವುದನ್ನು ಕೇಡೆಂದು ಎಣಿಸಿತೋ ಅದನ್ನೇ ಇದು ಮಹಿಮೆಯೆಂದು ಎಣಿಸುತ್ತದೆ. ಆದರೆ ಎರಡರ ದೃಷ್ಟಿಯೂ ದಂಡಿನ ಮೇಲೆಯೇ ನೆಟ್ಟಿದೆ. ಶಸ್ತ್ರವೇ ಹೋರಾಟದ ಸಾರವೆಂದು ಮೊದಲೇ ನಿಶ್ಚಯಿಸಿದವನಿಗೆ ಶಸ್ತ್ರವಿಲ್ಲದ ಕೂಟವು ಪೀಠಿಕೆಯಾಗಿ ಮಾತ್ರ ಕಾಣುತ್ತದೆ. ಬರ್ಟನ್ ಸ್ಟೈನ್ ಎಂಬ ವಿದ್ವಾಂಸನು ೧೯೮೫ರ ತನ್ನ ಪ್ರಬಂಧದ ಶೀರ್ಷಿಕೆಯಲ್ಲಿಯೇ ‘ರೈತ ಬಂಡಾಯ’ ಎಂಬ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟುದು ಇಂಥ ಅವಸರಕ್ಕೆ ಒಂದು ಎಚ್ಚರಿಕೆ.

ಹಾಗೆಂದು ಕೂಟವನ್ನೂ ಅತಿಯಾಗಿ ಕೊಂಡಾಡಲಾಗದು. ಕಂದಾಯವನ್ನು ತಡೆಹಿಡಿಯಬಲ್ಲವನು ಕಂದಾಯ ತೆರುವ ಹಿಡುವಳಿದಾರನು. ಅವನ ತೋಟದಲ್ಲಿ ದುಡಿದ ಆಳಿನ, ಗದ್ದೆಯನ್ನು ಗೇಣಿಗೆ ಮಾಡಿದವನ ಅಹವಾಲು ೧೮೩೦ರ ಕಾಗದಗಳಲ್ಲಿ ಅಪರೂಪ. ಆ ದನಿ ಸ್ಪಷ್ಟವಾಗಿ ಕೇಳಿಬಂದುದು ೧೯೫೧ರಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ. ಗೇಣಿಯನ್ನು ಅಳೆಯುವ ಕೊಳಗದ ಅಳತೆಯೇ ಅಲ್ಲಿ ವಿವಾದದ ಬೀಜ. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. ಸಮಾಜವಾದಿ ಪಕ್ಷವು ಬೆಂಬಲಕ್ಕೆ ನಿಂತಿತು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಮರುವರ್ಷ ತೀರ್ಥಹಳ್ಳಿಯ ಸೀಮೆಯ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ಆಯ್ಕೆಯಾದರು. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿಪದ್ಧತಿಯನ್ನು ಕೊನೆಗಾಣಿಸಿತು. ಇಲ್ಲಿಯೂ ಹೊರಗಿನವರು ಬಂದರು. ಆದರೆ ದಂಡಾಗಿ ಬರಲಿಲ್ಲ, ಸತ್ಯಾಗ್ರಹಿಗಳಾಗಿ ಬಂದು ಕೂಟದೊಳಗೆ ಕುಳಿತರು. ೧೮೩೧ರಲ್ಲಿ ರಾಜ್ಯವು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಯಿತು. ಕಾಗೋಡಿನ ತರುವಾಯ ತಡವಾಗಿಯಾದರೂ ನೆಲವು ಗೇಯುವವನ ಕೈಗೆ ಬಂದಿತು.

ನಿರಂಕುಶಪ್ರಭುವಿನ ವಿರುದ್ಧ ಜನರು ಎದ್ದಾಗ ಅವರ ಸಾಲಿನಲ್ಲಿ ಅತಿರೇಕಿಗಳೂ ಸ್ವಾರ್ಥಿಗಳೂ ಸೇರಿಕೊಳ್ಳುವುದು ನಗರಕ್ಕೆ ಮಾತ್ರ ವಿಶಿಷ್ಟವಾದ ಸಂಗತಿಯಲ್ಲ. ಅಂಥವರು ಸೇರಿದರೆಂಬ ಕಾರಣದಿಂದ ಜನರ ಅಹವಾಲು ಸುಳ್ಳಾಗುವುದಿಲ್ಲ. ಅಹವಾಲು ನಿಜವಾಗಿತ್ತೆಂಬ ಕಾರಣದಿಂದ ಅಂಥವರ ಕೃತ್ಯವೆಲ್ಲ ಶುದ್ಧವಾಗುವುದೂ ಇಲ್ಲ. ಆದುದರಿಂದ ನಗರದ ದಂಗೆಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಯು ಮೊದಲು ಕೇಳಬೇಕಾದುದು ದಂಡಿನ ನಾಯಕನು ಯಾರೆಂಬುದನ್ನಲ್ಲ. ಕೂಟವು ಏನನ್ನು ಕೇಳಿತು, ಅದಕ್ಕೆ ಯಾರು ಏನೆಂದು ಉತ್ತರ ಕೊಟ್ಟರು ಎಂಬುದನ್ನು.