ಇಮ್ಮಡಿ ಪುಲಿಕೇಶಿಯ ಚೀನೀ ಸಾಕ್ಷಿ

ಗಾಂಧಿಬಜಾರಿನ ಪುಸ್ತಕದಂಗಡಿಯಲ್ಲಿ ಇತಿಹಾಸದ ಯಾವ ಗೈಡ್ ತೆಗೆದರೂ ಹ್ಯೂಯೆನ್ ತ್ಸಾಂಗ್ ಎದುರಾಗುತ್ತಾನೆ. ಚೀನೀ ಯಾತ್ರಿಕ, ಕೃತಿ ‘ಸಿ-ಯು-ಕಿ’, ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ ಬಂದಿದ್ದ. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು; ಪುಲಿಕೇಶಿಯನ್ನು ಅರಿಯಲು ಸಾಲದು. ಆ ಕಾಲದ ಚೀನಾದ ತಾಂಗ್ ವಂಶ, ಸಾಮ್ರಾಟ ತೈಜೊಂಗ್, ರಾಜಧಾನಿ ಚಾಂಗ್‌ಆನ್ ಎಲ್ಲವನ್ನೂ ಬಿಟ್ಟು ಯಾತ್ರಿಕನೊಬ್ಬನನ್ನೇ ಕಿತ್ತು ತರುವುದು ನಮ್ಮ ಇತಿಹಾಸ ಬರವಣಿಗೆಯ ದೊಡ್ಡ ಕೊರತೆ.

ಅರಸನ ಅಪ್ಪಣೆಯಿಲ್ಲದೆ ಗಡಿ ದಾಟಿದವನು ಅವನು. 645ರಲ್ಲಿ 657 ಗ್ರಂಥಗಳೊಂದಿಗೆ ಮರಳಿದಾಗ ತೈಜೊಂಗ್ ಶಿಕ್ಷಿಸಲಿಲ್ಲ. ಕಂಡ ದೇಶಗಳನ್ನೆಲ್ಲ ಬರೆದುಕೊಡು ಎಂದ. 646ರಲ್ಲಿ ‘ಸಿ-ಯು-ಕಿ’ ಸಿದ್ಧವಾಯಿತು. ದಾರಿಯ ದೂರ, ಬೆಳೆ, ಜನರ ಸ್ವಭಾವ ಅದರಲ್ಲಿ ನಾಡಿನಿಂದ ನಾಡಿಗೆ ತಪ್ಪದೆ ಬರುವುದೇಕೆಂದು ಆಗ ತಿಳಿಯುತ್ತದೆ: ಓದಲು ಕಾದಿದ್ದವನು ಪಶ್ಚಿಮದ ಮೇಲೆ ಕಣ್ಣಿಟ್ಟಿದ್ದ ಸಾಮ್ರಾಟ.

ಹನ್ನೊಂದನೆಯ ಭಾಗದ ‘ಮಹಾರಾಷ್ಟ್ರ’ದ, ಅಂದರೆ ಪುಲಿಕೇಶಿಯ ರಾಜ್ಯದ, ವರ್ಣನೆಯನ್ನು ನಿಧಾನವಾಗಿ ಓದಬೇಕು. ಸೋತು ಬಂದ ದಳಪತಿಗೆ ದಂಡನೆಯಿಲ್ಲ, ಹೆಂಗಸರ ಉಡುಪು ಕೊಡುತ್ತಾರೆ. ಅವಮಾನ ತಾಳದೆ ಅವನೇ ಸಾವನ್ನು ಹುಡುಕಿಕೊಳ್ಳುತ್ತಾನೆ. ಕಾಳಗಕ್ಕೆ ಮುಂಚೆ ಆನೆಗಳಿಗೆ ಹೆಂಡ ಕುಡಿಸುತ್ತಾರೆ. ಕನೌಜಿನ ಹರ್ಷ ತಾನೇ ದಂಡೆತ್ತಿ ಬಂದರೂ ಇವರನ್ನು ಮಣಿಸಲಾಗಲಿಲ್ಲ. 634ರ ಐಹೊಳೆ ಶಾಸನದಲ್ಲಿ ಹರ್ಷನ ಸೋಲನ್ನು ಹಾಡಿದ ರವಿಕೀರ್ತಿ ಪುಲಿಕೇಶಿಯ ಆಶ್ರಿತ ಕವಿ. ಹೊಗಳುವುದು ಅವನ ಧರ್ಮ. ಈ ಚೀನೀ ಭಿಕ್ಷುವಿಗೆ ಅಂಥ ಹಂಗಿರಲಿಲ್ಲ. ಇದ್ದರೆ ಹರ್ಷನದೇ ಇದ್ದೀತು, ಕನೌಜಿನಲ್ಲಿ ಮಹಾಸಭೆ ಕರೆದು ಅವನನ್ನು ಗೌರವಿಸಿದವನು ಹರ್ಷನೇ ತಾನೆ? ಆ ಹರ್ಷನ ಕೈಲಾಗದ್ದನ್ನು ಅವನ ಅತಿಥಿಯೇ ಬರೆದಿಟ್ಟ. ಪುಲಿಕೇಶಿಯ ಪರವಾಗಿ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ನನಗೆ ಕಾಣದು. ನಾನು ನೋಡಿದ ಪಠ್ಯಗಳು ಅದನ್ನು ಬರೀ ವಿದೇಶೀಯನ ಮೆಚ್ಚುಗೆಯೆಂದು ದಾಟಿಸಿಬಿಡುತ್ತವೆ.

ಹಾಗೆಂದು ಅವನ ಮಾತನ್ನೆಲ್ಲ ನಂಬಬೇಕಿಲ್ಲ. ಅದೇ ಭಾಗದಲ್ಲಿ ಅವನು ಹೇಳುವ ಕೊಂಕಣಪುರದಲ್ಲಿ ನೂರಕ್ಕೂ ಹೆಚ್ಚು ವಿಹಾರ, 10,000 ಭಿಕ್ಷುಗಳು ಎಂಬಲ್ಲಿ ಬೌದ್ಧನ ಅಭಿಮಾನ ಸೇರಿರಬಹುದು. ಆದರೆ ಊರಿನ ಉತ್ತರಕ್ಕೆ ತಾಳೆಯ ತೋಪಿದೆ, ಅದರ ಗರಿ ಎಲ್ಲ ದೇಶಗಳಲ್ಲೂ ಬರೆಯಲು ಬಳಕೆಯಾಗುತ್ತದೆ ಎಂಬ ಮಾತನ್ನು ಕಟ್ಟಿ ಹೇಳಲು ಕಾರಣವೇ ಇಲ್ಲ. ಆ ಊರು ಬನವಾಸಿಯೋ ಆನೆಗೊಂದಿಯೋ ಎಂಬ ವಾದ ಹಳೆಯದು. ಓಲೆಗರಿಯ ನಾಡಿನವರಾದ ನಮಗೆ ಆ ತೋಪಿನ ಮಾತು ಹೊರಗಿನ ವಿಷಯವಲ್ಲ.

ಜಿ.ಪಿ. ರಾಜರತ್ನಂ ‘ಚೀನಾ ದೇಶದ ಬೌದ್ಧ ಯಾತ್ರಿಕರು’ ಎಂಬ ಪುಸ್ತಕವನ್ನೇ ಬರೆದವರು. ಆ ಕುತೂಹಲ ಪಠ್ಯಪುಸ್ತಕಗಳಿಗೆ ಇಳಿಯಲಿಲ್ಲ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು ಈ ಹನ್ನೊಂದನೆಯ ಭಾಗವನ್ನು ಐಹೊಳೆ ಶಾಸನದ ಪಾಠದ ಜೊತೆಗಿಟ್ಟು, ತಾಂಗ್ ಕಾಲದ ಟಿಪ್ಪಣಿಗಳೊಂದಿಗೆ, ವಿದ್ಯಾರ್ಥಿಗಳ ಕೈಗೆಟುಕುವ ಬೆಲೆಯಲ್ಲಿ ತರಬೇಕು.