ಕಲ್ಪನಾಕ್ರೀಡೆಯಲ್ಲಿ ರಾಕ್ಷಸರ ಆಯ್ಕೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕನ್ನರು 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೇಜಿನ ಸುತ್ತ ಕುಳಿತು ಆಡುವ ಆಟ. ಆಟಗಾರರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಕಥೆಯನ್ನು ನಡೆಸುವ ಸೂತ್ರಧಾರನು ಅವರೆದುರಿಗೆ ನಾನಾ ವಿಕೃತಜೀವಿಗಳನ್ನು ತಂದು ನಿಲ್ಲಿಸುತ್ತಾನೆ. ಯಾವ ಜೀವಿಯನ್ನು, ಏತಕ್ಕಾಗಿ ತರಬೇಕೆಂಬುದೇ ಪ್ರಕೃತ ವಿಚಾರ.

ಗೈಗ್ಯಾಕ್ಸರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ 1977ರಲ್ಲಿ ಹೊರಬಂದಿತು. ನೂರಾರು ಜೀವಿಗಳನ್ನು ಅಕಾರಾದಿಯಾಗಿ ಜೋಡಿಸಿದ ಈ ಕೋಶದಲ್ಲಿ ಗ್ರೀಕ್ ಪುರಾಣದ ಮೆಡೂಸಾ ಇದ್ದಾಳೆ. ಅಗ್ಗದ ಪ್ಲಾಸ್ಟಿಕ್ ಆಟಿಕೆಯನ್ನು ನೋಡಿ ಕಲ್ಪಿಸಿದ, ಕಬ್ಬಿಣಕ್ಕೆ ತುಕ್ಕು ಹಿಡಿಸುವ ಪ್ರಾಣಿಯೂ ಇದೆ. ಆಟಿಕೆಯಿಂದ ಹುಟ್ಟಿತೆಂದು ನಾವು ಹಳಿಯುವುದಿಲ್ಲ. ಆಯುಧವನ್ನೇ ನಂಬಿದ ವೀರನನ್ನು ನಿರಾಯುಧನನ್ನಾಗಿಸುವ ಆ ಪ್ರಾಣಿ ಕಥೆಯ ಗತಿಯನ್ನೇ ತಿರುಗಿಸಬಲ್ಲುದು. ನಮ್ಮ ಆಕ್ಷೇಪವಿರುವುದು ಸಂಖ್ಯೆಯನ್ನೇ ವೈವಿಧ್ಯವೆಂದು ಭಾವಿಸುವ ಪ್ರವೃತ್ತಿಯ ಬಗೆಗೆ. ದಾಳವುರುಳಿಸಿ ಪಟ್ಟಿಯಿಂದ ಪ್ರತಿದಿನವೂ ಹೊಸ ಜೀವಿಯನ್ನು ತೆಗೆಯುವ ಸೂತ್ರಧಾರನು ನಡೆಸುವುದು ಮೃಗಾಲಯದ ಪ್ರದರ್ಶನವೇ ಹೊರತು ಕಥೆಯಲ್ಲ.

ಗೈಗ್ಯಾಕ್ಸರೇ ಇದನ್ನು ಅರಿಯದವರಲ್ಲ. ಅವರ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ (1979) ಎಂಬ ಕೃತಿಯಲ್ಲಿ ಒಂದೇ ಕಂದರದ ಗವಿಗಳಲ್ಲಿ ಹಲವು ಕುಲಗಳು ನೆರೆಹೊರೆಯಾಗಿವೆ. ಅಲ್ಲಿನ ಗಾಬ್ಲಿನ್ನರು ಆಪತ್ತು ಬಂದಾಗ 250 ಹೊನ್ನಿನ ಚೀಲವನ್ನೆಸೆದು ಪಕ್ಕದ ಗವಿಯ ಓಗರ್ ಎಂಬ ದೈತ್ಯನನ್ನು ನೆರವಿಗೆ ಕರೆಯುತ್ತಾರೆ. ದೈತ್ಯನು ಹೊಸಬನಲ್ಲ, ಗಾಬ್ಲಿನ್ನರೂ ಹೊಸಬರಲ್ಲ; ಹೊಸತಾಗಿರುವುದು ಅವರ ನಡುವಣ ಕೊಳುಕೊಡೆ. ಹೆಚ್ಚು ಹಣ ಕೊಟ್ಟು ದೈತ್ಯನನ್ನೇ ಒಲಿಸಿಕೊಳ್ಳಬಹುದಲ್ಲವೇ ಎಂದು ಆಟಗಾರರು ಯೋಚಿಸತೊಡಗಿದ ಕ್ಷಣದಲ್ಲಿ ಯುದ್ಧವು ರಾಜಕಾರಣವಾಗುತ್ತದೆ. ಆದರೆ ಇಷ್ಟು ಕುಲಗಳು ಈ ಒಂದು ಕಂದರಕ್ಕೇ ಏಕೆ ಬಂದವು? ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಮೊದಲು ತೋರುವ ಪ್ರಶ್ನೆ ಇದು.

ನಮಗೆ ಹತ್ತಿರದ ಇನ್ನೊಂದು ನಿದರ್ಶನವನ್ನು ಪರಿಶೀಲಿಸಬಹುದು. ಮೇಲ್ಕಂಡ ಕೋಶದಲ್ಲಿ ‘ರಾಕ್ಷಸ’ನೂ ಇದ್ದಾನೆ. ಅವನು ನರಮಾಂಸಭಕ್ಷಕ, ಎದುರಾಳಿಯ ಮನಸ್ಸನ್ನರಿತು ಅವನ ಆಪ್ತರ ರೂಪದಲ್ಲಿ ಕಾಣಿಸಿಕೊಳ್ಳುವವನು, ಮಂತ್ರಿಸಿದ ಬಾಣದಿಂದ ಸಾಯುವವನು. ಈ ಲಕ್ಷಣಗಳು 1974ರ ‘ಕೊಲ್ಚಾಕ್’ ಎಂಬ ಅಮೆರಿಕನ್ ದೂರದರ್ಶನ ಧಾರಾವಾಹಿಯ ಒಂದು ಕಂತಿನಿಂದ ಬಂದವು. ವಾಲ್ಮೀಕಿಯಿಂದ ನೇರವಾಗಿ ಬಂದವಲ್ಲ. ಆದರೂ ಕಾಮರೂಪತ್ವವೆಂಬ ಮೂಲಲಕ್ಷಣ ಉಳಿದುಕೊಂಡಿರುವುದು ಗಮನಾರ್ಹ: ಮಾರೀಚನು ಹೊನ್ನಿನ ಜಿಂಕೆಯಾದುದೂ ರಾವಣನು ಸನ್ಯಾಸಿಯಾಗಿ ಬಂದುದೂ ಇದೇ ಜಾತಿಯ ವಂಚನೆ.

ಉಳಿಯದೆ ಹೋದುದು ವ್ಯಕ್ತಿಭೇದ. ಕೋಶದ ರಾಕ್ಷಸರೆಲ್ಲರೂ ಸ್ವಭಾವತಃ ದುಷ್ಟರು. ನಮ್ಮ ಕಾವ್ಯಗಳಲ್ಲಿಯಾದರೋ ವಿಭೀಷಣನು ಅಣ್ಣನನ್ನು ಬಿಟ್ಟು ಶತ್ರುವಿನ ಮೊರೆಹೊಗುತ್ತಾನೆ, ಕುಂಭಕರ್ಣನು ಅಣ್ಣನ ತಪ್ಪನ್ನು ಬಲ್ಲವನಾಗಿಯೂ ಅವನಿಗಾಗಿ ಕಾದಿ ಮಡಿಯುತ್ತಾನೆ, ಹಿಡಿಂಬೆ ಭೀಮನನ್ನು ವರಿಸುತ್ತಾಳೆ. ಕುಲವೊಂದೇ, ಮಾಯೆಯೊಂದೇ, ಎದುರಾದವರು ಕತ್ತಿ ಹಿರಿಯಬೇಕೋ ಮಾತನಾಡಬೇಕೋ ಎಂಬುದು ಮಾತ್ರ ಪ್ರತಿಸಲವೂ ಬೇರೆ. ಸೂತ್ರಧಾರನಿಗೆ ಹತ್ತು ಹೊಸ ಜೀವಿಗಳಿಗಿಂತ ಇಂತಹ ಮೂವರು ರಾಕ್ಷಸರು ಹೆಚ್ಚು ಕಾಲ ಒದಗಿಬರುತ್ತಾರೆಂದು ನಮ್ಮ ಅಭಿಪ್ರಾಯ. ಹಿಡಿಂಬೆಯ ಮಗ ಘಟೋತ್ಕಚನನ್ನು ಕೋಶದ ಯಾವ ಪುಟದಲ್ಲಿ ಸೇರಿಸುವುದೆಂಬುದಕ್ಕೆ ಅಕಾರಾದಿಯಲ್ಲಿ ಉತ್ತರವಿಲ್ಲ.