ಆಂಟೆನಾ, ಎಮ್ಮೆ ಮತ್ತು ಒಂದು ಭೂಕಂಪ

ಹೋದ ತಿಂಗಳು ಒಂದು ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ನಾಲ್ಕು ಜನ ಕೂತು ಒಂದು ಇರಾನಿ ಸಿನಿಮಾ ನೋಡಿದೆವು. ಸಿನಿಮಾ ಒಂದೂವರೆ ಗಂಟೆ, ಆಮೇಲಿನ ಜಗಳವೂ ಹೆಚ್ಚುಕಮ್ಮಿ ಅಷ್ಟೇ. ಜಗಳದ ವಿಷಯ: ಒಂದು ಟಿವಿ ಆಂಟೆನಾ.

ಸಿನಿಮಾ ಅಬ್ಬಾಸ್ ಕಿಯರೊಸ್ತಮಿಯ ‘ಲೈಫ್, ಅಂಡ್ ನಥಿಂಗ್ ಮೋರ್’, 1992ರದ್ದು. 1990ರ ಜೂನ್ 21ರ ನಡುರಾತ್ರಿ ಉತ್ತರ ಇರಾನಿನ ಮಂಜಿಲ್–ರುದ್‌ಬಾರ್ ಸೀಮೆಯಲ್ಲಿ ಭೂಮಿ ನಡುಗಿತು. ಸತ್ತವರ ಲೆಕ್ಕ 35 ಸಾವಿರದಿಂದ 50 ಸಾವಿರದವರೆಗೂ ಹೋಗುತ್ತದೆ. ಅದೇ ಸೀಮೆಯ ಕೋಕರ್ ಎಂಬ ಹಳ್ಳಿಯಲ್ಲಿ ಕಿಯರೊಸ್ತಮಿ ಕೆಲವು ವರ್ಷಗಳ ಹಿಂದೆ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್?’ ತೆಗೆದಿದ್ದ. ಅದರಲ್ಲಿ ನಟಿಸಿದ್ದ ಹುಡುಗರು ಬದುಕಿದ್ದಾರಾ ಇಲ್ವಾ ಅಂತ ನೋಡಲು ಮಗನನ್ನು ಕರ್ಕೊಂಡು ಕಾರಲ್ಲಿ ಹೊರಟ. ಆ ಪ್ರಯಾಣವನ್ನೇ ಆಮೇಲೆ ನಟರನ್ನಿಟ್ಟು ಸಿನಿಮಾ ಮಾಡಿದ. ಕಥೆ ಇಷ್ಟೇ. ಒಬ್ಬ ನಿರ್ದೇಶಕ, ಅವನ ಮಗ ಪೂಯಾ, ಒಂದು ಹಳೇ ಕಾರು, ಬಿರುಕುಬಿಟ್ಟ ರಸ್ತೆಗಳು. ಹುಡುಗರು ಸಿಕ್ಕರಾ? ಸಿನಿಮಾ ಹೇಳುವುದಿಲ್ಲ.

ಈಗ ಆಂಟೆನಾಕ್ಕೆ ಬರೋಣ. ಸಂತ್ರಸ್ತರ ಟೆಂಟುಗಳ ಹತ್ತಿರ ಒಬ್ಬ ಯುವಕ ಟಿವಿಗೆ ಆಂಟೆನಾ ಕಟ್ಟುತ್ತಿದ್ದಾನೆ. ಇಟಲಿಯಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಯುತ್ತಿದೆ, ರಾತ್ರಿ ಮ್ಯಾಚ್ ಇದೆ. ನಿರ್ದೇಶಕ ಕೇಳುತ್ತಾನೆ, ಇಷ್ಟೊಂದು ಜನ ಸತ್ತಿರುವಾಗ ಮ್ಯಾಚ್ ನೋಡುವುದು ಸರಿಯಾ ಅಂತ. ಯುವಕನಿಗೆ ಸಿಟ್ಟಿಲ್ಲ, ನಾಚಿಕೆಯೂ ಇಲ್ಲ. ತಾನೂ ಮನೆಯವರನ್ನು ಕಳ್ಕೊಂಡಿದ್ದೇನೆ, ಆದರೆ ವಿಶ್ವಕಪ್ ಬರೋದು ನಾಲ್ಕು ವರ್ಷಕ್ಕೊಮ್ಮೆ, ಏನು ಮಾಡೋದು ಅನ್ನುತ್ತಾನೆ. ಮತ್ತೆ ಕೆಲಸಕ್ಕೆ ಕೈ ಹಾಕುತ್ತಾನೆ.

‘ಇವರಿಗೆ ದುಃಖವೇ ಇಲ್ವಾ ಮಾರಾಯ?’ ಅಂದ ಒಬ್ಬ ಗೆಳೆಯ. ‘ಅದೇ ಕಣೋ ಜೀವನೋತ್ಸಾಹ! ಏನೇ ಆದ್ರೂ ಎದ್ದು ನಿಲ್ಲೋದು,’ ಅಂದಳು ಇನ್ನೊಬ್ಬಳು. ಜಗಳ ಇವೆರಡರ ನಡುವೆ. ನಾನು ಸುಮ್ಮನಿದ್ದೆ. ಯಾಕೆಂದರೆ ಈ ಎರಡನೇ ಮಾತನ್ನು ನಾನೇ ಒಮ್ಮೆ ಸ್ಟೇಜ್ ಹತ್ತಿ ಹೇಳಿ ಚಪ್ಪಾಳೆ ತಗೊಂಡಿದ್ದೆ.

ಅದನ್ನು ಹೇಳಬೇಕೆಂದರೆ ಸ್ವಲ್ಪ ನಮ್ಮೂರಿಗೆ ಬರಬೇಕು. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕು ನಮ್ಮದು, ಮಹಾರಾಷ್ಟ್ರದ ಗಡಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕಕ್ಕೆ ಇನ್ನೇನು ನಾಲ್ಕು ನಿಮಿಷ ಇದ್ದಾಗ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ಕಲ್ಲು, ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಭಾರದ ಮಾಳಿಗೆ. ಬಿಸಿಲಿಗೆ ತಂಪು ಕೊಡುವ ಅದೇ ಮನೆಗಳು ಸುಮಾರು 10 ಸಾವಿರ ಜನರ ಮೇಲೆ ಬಿದ್ದವು. ನನಗಾಗ ಆರು ವರ್ಷ. ನಮ್ಮ ಮನೆ ಬೀಳಲಿಲ್ಲ, ಬಿರುಕು ಬಿಟ್ಟಿತು. ಎಲ್ಲರೂ ಬಯಲಲ್ಲಿ ನಿಂತು ನಡುಗುತ್ತಿರುವಾಗ ನಮ್ಮ ಆಯಿ, ಅಂದರೆ ನನ್ನ ಅಜ್ಜಿ, ತಂಬಿಗೆ ತಗೊಂಡು ಹೋಗಿ ಎಮ್ಮೆಯ ಹಾಲು ಕರೆದಳು. ಯಾರೋ ಬೈದಿದ್ದಕ್ಕೆ, ‘ಕೆಚ್ಚಲ ತುಂಬ್ಯಾದ, ಹಿಂಡಬ್ಯಾಡಾ ಏನು?’ ಅಂದಳಂತೆ.

ಈ ಕಥೆಯನ್ನು ನಾನು ಆಫೀಸಿನ ಒಂದು ಕಾರ್ಯಕ್ರಮದಲ್ಲಿ ಹೇಳಿದೆ. ವಿಷಯ ‘ರೆಸಿಲಿಯನ್ಸ್’. ಸ್ಲೈಡಿನಲ್ಲಿ ಎಮ್ಮೆಯ ಚಿತ್ರ ಹಾಕಿದ್ದೆ. ‘ನಮ್ಮ ಅಜ್ಜಿ ಹೆದರಲಿಲ್ಲ, ಮಾಡುವ ಕೆಲಸ ಬಿಡಲಿಲ್ಲ’ ಅಂದೆ. ಜೋರು ಚಪ್ಪಾಳೆ. ವಿಡಿಯೋವನ್ನು ಹೆಮ್ಮೆಯಿಂದ ಮನೆಯ ವಾಟ್ಸಾಪ್ ಗ್ರೂಪಿಗೂ ಹಾಕಿದೆ. ರಾತ್ರಿ ಅಮ್ಮ ಫೋನ್ ಮಾಡಿದಳು. ‘ಛಲೋ ಮಾತಾಡಿದಿ. ಆದ್ರ ಆಯಿ ಎರಡ್ ವರ್ಷ ಅಂಗಳದಾಗ ತಗಡಿನ ಕೆಳಗ ಮಲಗಿದ್ದು ಯಾಕ ಹೇಳ್ಲಿಲ್ಲ? ಮಳಿ ಬಂದ್ರೂ ಒಳಗ ಬರ್ತಿದ್ದಿಲ್ಲ ಆಕಿ.’

ನನ್ನ ಹತ್ತಿರ ಉತ್ತರ ಇರಲಿಲ್ಲ. ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಸ್ಲೈಡಿನಲ್ಲಿ ಅದಕ್ಕೆ ಜಾಗ ಇರಲಿಲ್ಲ, ಅಷ್ಟೇ.

ಅದಕ್ಕೇ ಈ ಸಿನಿಮಾ ನನಗೆ ಮುಖ್ಯ ಅನ್ನಿಸಿತು. ನನ್ನ ಇಬ್ಬರು ಗೆಳೆಯರೂ ಆಂಟೆನಾದಿಂದ ಏನೋ ಒಂದನ್ನು ಸಾಬೀತು ಮಾಡಲು ಹೊರಟಿದ್ದರು. ಒಬ್ಬನಿಗೆ ದುಃಖವಿಲ್ಲ ಅಂತ, ಇನ್ನೊಬ್ಬಳಿಗೆ ದುಃಖ ಮುಗೀತು ಅಂತ. ಕಿಯರೊಸ್ತಮಿ ಎರಡಕ್ಕೂ ಅವಕಾಶ ಕೊಡುವುದಿಲ್ಲ. ಅವನ ಸಿನಿಮಾದಲ್ಲಿ ಬದುಕಿ ಉಳಿದವರು ಪಾತ್ರೆ ತೊಳೆಯುತ್ತಾರೆ, ಸಾಮಾನು ಹೊರುತ್ತಾರೆ, ಸತ್ತವರ ಬಗ್ಗೆ ಮಾತಾಡುತ್ತಾರೆ, ಮ್ಯಾಚಿನ ಬಗ್ಗೆಯೂ ಮಾತಾಡುತ್ತಾರೆ. ಇದರ ನಂತರ ಅದು ಅನ್ನುವ ಕ್ರಮವೇ ಇಲ್ಲ, ಎಲ್ಲ ಒಟ್ಟಿಗೆ. ಒಬ್ಬ ಯುವಕ ಹತ್ತಾರು ಬಂಧುಗಳನ್ನು ಕಳ್ಕೊಂಡ ಬೆನ್ನಲ್ಲೇ ಮದುವೆಯಾಗಿದ್ದಾನೆ. ವರ್ಷಗಟ್ಟಲೆ ಸೂತಕ ಹಿಡಿದು ಕೂರುವಷ್ಟು ಪುರುಸೊತ್ತು ಅವನಿಗಿಲ್ಲ. ಆದರೆ ಅವನ ದನಿಯಲ್ಲಿ ಸಂಭ್ರಮವೂ ಇಲ್ಲ. ಕ್ಯಾಮೆರಾ ಅವನ ಮುಖಕ್ಕೆ ನುಗ್ಗಿ ಕಣ್ಣೀರು ಹುಡುಕುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಸಿನಿಮಾದ ಬಹುಪಾಲನ್ನು ನಾವು ನೋಡುವುದು ಕಾರಿನ ಕಿಟಕಿಯಿಂದ. ಪ್ರಶ್ನೆ ಕೇಳುವವನು ಒಳಗೆ, ಉತ್ತರ ಕೊಡುವವರು ಹೊರಗೆ. ಅವನು ಒಳ್ಳೆಯವನೇ, ಆದರೆ ಅವನ ಮನೆ ಟೆಹರಾನಿನಲ್ಲಿ ಭದ್ರವಾಗಿ ನಿಂತಿದೆ. ಮ್ಯಾಚ್ ಸರಿಯಾ ಅನ್ನುವ ಪ್ರಶ್ನೆ ಅವನಿಗೆ ಬಂದದ್ದೇ ಅದಕ್ಕೆ. ಮಗ ಪೂಯಾನಿಗೆ ಇಂಥ ತೊಂದರೆಯಿಲ್ಲ, ಮ್ಯಾಚ್ ನೋಡಲು ಅಲ್ಲಿನ ಹುಡುಗರ ಜೊತೆ ಉಳಿದುಬಿಡುತ್ತಾನೆ.

ಹಾಗಂತ ಕಿಯರೊಸ್ತಮಿ ತನ್ನನ್ನು ತಾನು ಬಿಟ್ಟುಕೊಂಡಿಲ್ಲ. ಹಿಂದಿನ ಸಿನಿಮಾದಲ್ಲಿ ನಟಿಸಿದ್ದ ರೂಹಿ ಎಂಬ ಮುದುಕ ದಾರಿಯಲ್ಲಿ ಸಿಗುತ್ತಾನೆ. ಆ ಸಿನಿಮಾದವರು ತನಗೆ ಗೂನು ಕಟ್ಟಿ, ಇನ್ನಷ್ಟು ಮುದುಕನನ್ನಾಗಿ ಮಾಡಿ ತೋರಿಸಿದರು ಅಂತ ದೂರುತ್ತಾನೆ. ಈಗ ಇರುವ ಮನೆಯೂ ಸಿನಿಮಾದವರು ತೋರಿಸಿದ ಮನೆ, ನಿಜಕ್ಕೂ ತಾನಿರುವುದು ಟೆಂಟಿನಲ್ಲಿ ಅನ್ನುತ್ತಾನೆ. ಅಂದರೆ ನಾವು ನೋಡುತ್ತಿರುವ ಈ ‘ಉಳಿದ ಮನೆ’ಯೂ ಒಂದು ಸೆಟ್ಟೇ. ನನ್ನ ಎಮ್ಮೆಯ ಸ್ಲೈಡ್ ನೆನಪಾಗಿ ಮುಖ ಬಿಸಿಯಾಯಿತು. ಅವನು ಕಟ್ಟಿದ್ದ ಗೂನನ್ನು ಅವನೇ ಬಿಚ್ಚಿ ತೋರಿಸಿದ. ನಾನು?

ಇಷ್ಟೆಲ್ಲ ಮೆಚ್ಚಿದರೂ ನನ್ನದೊಂದು ತಕರಾರಿದೆ. ಈ ಸಿನಿಮಾದಲ್ಲಿ ಎಲ್ಲರೂ ಸಮಾನವಾಗಿ ಬೀದಿಗೆ ಬಿದ್ದವರ ಹಾಗೆ ಕಾಣುತ್ತಾರೆ. ಯಾರಿಗೆ ಎಷ್ಟು ಜಮೀನಿತ್ತು, ಯಾರಿಗೆ ಯಾವ ಮನೆ ಸಿಗುತ್ತದೆ ಅನ್ನುವ ಮಾತಿಗೆ ಕಾರು ನಿಲ್ಲುವುದಿಲ್ಲ. ಮೊದಲ ಕೆಲವು ದಿನಗಳಿಗೆ ಅದು ಸರಿ ಇರಬಹುದು. ಆದರೆ ಚೇತರಿಕೆ ಅನ್ನುವುದು ವರ್ಷಗಳ ಲೆಕ್ಕ, ಆ ಲೆಕ್ಕದಲ್ಲಿ ಹಳೇ ಏಣಿಗಳು ಮೆಲ್ಲಗೆ ವಾಪಸ್ ಬರುತ್ತವೆ. ಕಿಲ್ಲಾರಿ ಸೀಮೆಯಲ್ಲಿ 52 ಹಳ್ಳಿಗಳನ್ನು ಪೂರ್ತಿ ಬೇರೆ ಜಾಗಕ್ಕೆ ಎತ್ತಿದರು. ಮನೆ ಹಂಚಿದ್ದು ಜಮೀನಿನ ಲೆಕ್ಕದಲ್ಲಿ: ಭೂಮಿ ಇಲ್ಲದವರಿಗೆ, ಕಡಿಮೆ ಇದ್ದವರಿಗೆ 250 ಚದರಡಿ, ನಡುವಿನವರಿಗೆ 400, ದೊಡ್ಡ ಹಿಡುವಳಿದಾರರಿಗೆ 750. ಭೂಮಿ ನಡುಗಿದಾಗ ಎಲ್ಲರ ಮಾಳಿಗೆಯೂ ಬಿತ್ತು, ಎದ್ದಾಗ ಮೂರು ಅಳತೆಯಲ್ಲಿ ಎದ್ದಿತು.

ಆಯಿಯ ತಂಗಿಯನ್ನು ಉಮರ್ಗಾ ಕಡೆಗೆ ಕೊಟ್ಟಿತ್ತು. ಅವಳ ಪಾಲಿಗೆ ಬಂದದ್ದು 250ರ ಮನೆ. ಬೀಳದ ಗಟ್ಟಿ ಮನೆ, ನೇರ ರಸ್ತೆ, ಸಾಲಾಗಿ ನಂಬರು. ನಾನು ಕಾಲೇಜಿನಲ್ಲಿದ್ದಾಗ ಹೋಗಿ, ಎಷ್ಟು ಚೆನ್ನಾಗಿದೆ ಅಲ್ವಾ ಅಂದಿದ್ದಕ್ಕೆ, ‘ಹಳೇ ಊರಾಗ ಓಣಿ ಇತ್ತು. ಇಲ್ಲಿ ರಸ್ತಾ ಅದ’ ಅಂದಳು. ಕಟ್ಟೆ ಮೇಲೆ ಕೂತರೆ ನಾಲ್ಕು ಮನೆಯವರು ಮಾತಿಗೆ ಸಿಗುತ್ತಿದ್ದ ಊರು ಅದು. ಅದನ್ನು ಯಾವ ಚದರಡಿಯಲ್ಲಿ ಅಳೆದು ಪರಿಹಾರ ಕೊಡ್ತೀರಿ?

ನನ್ನ ತಕರಾರಿಗೆ ಕಿಯರೊಸ್ತಮಿ ತಾನೇ ಉತ್ತರ ಕೊಟ್ಟಿದ್ದಾನೆ ಅನ್ನುವುದು ಆ ರಾತ್ರಿ ನನಗೆ ಗೊತ್ತಿರಲಿಲ್ಲ. ಮುಂದಿನ ವಾರ ಒಬ್ಬನೇ ಕೂತು 1994ರ ‘ಥ್ರೂ ದಿ ಆಲಿವ್ ಟ್ರೀಸ್’ ನೋಡಿದೆ. ಅದರ ಕಥೆ ಹಿಂದಿನ ಸಿನಿಮಾದ ಆ ಮದುವೆ ದೃಶ್ಯದ ಶೂಟಿಂಗ್! ಗಂಡ ಹೆಂಡತಿಯಾಗಿ ನಟಿಸುವವರು ಗಂಡ ಹೆಂಡತಿಯಲ್ಲ. ಹುಸೇನ್ ಗಾರೆ ಕೆಲಸದವ, ಆ ಹುಡುಗಿಯನ್ನು ನಿಜಕ್ಕೂ ಮದುವೆಯಾಗಬೇಕು ಅಂತಿದ್ದಾನೆ. ಹುಡುಗಿಯ ಅಜ್ಜಿ ಒಪ್ಪಿಲ್ಲ, ಅವನಿಗೆ ಸ್ವಂತ ಮನೆಯಿಲ್ಲ. ಭೂಕಂಪದಲ್ಲಿ ಎಲ್ಲರ ಮನೆಯೂ ಹೋಯಿತಲ್ಲ, ಇನ್ನಾದರೂ ಎಲ್ಲರೂ ಒಂದೇ ಅಲ್ವಾ ಅನ್ನುವುದು ಅವನ ವಾದ. ಯಾರೂ ಒಪ್ಪುವುದಿಲ್ಲ. ನೆಲ ಅದುರಿದರೂ ಅಂತಸ್ತು ಅದುರಿಲ್ಲ. ಮೊದಲ ಸಿನಿಮಾದಲ್ಲಿ ನನ್ನ ಗೆಳತಿ ‘ಜೀವನೋತ್ಸಾಹ’ ಅಂದ ಅದೇ ಜೋಡಿ, ಅದೇ ಮಹಡಿ ಮೆಟ್ಟಿಲು. ಈ ಎರಡನ್ನೂ ಒಟ್ಟಿಗೆ ನೋಡಿ. ಒಂದನ್ನೇ ನೋಡಿದರೆ ನನ್ನ ಸ್ಲೈಡ್ ನೋಡಿದ ಹಾಗೆ.

ಮೊದಲ ಸಿನಿಮಾದ ಕೊನೆಯ ಶಾಟ್ ಬಗ್ಗೆ ಹೇಳಿ ಮುಗಿಸುತ್ತೇನೆ. ಬಹಳ ದೂರದಿಂದ ಒಂದು ಕಡಿದಾದ ಗುಡ್ಡದ ರಸ್ತೆ. ಕಾರು ಹತ್ತಲಾರದೆ ಜಾರಿ ನಿಲ್ಲುತ್ತದೆ. ಹೆಗಲ ಮೇಲೆ ಗ್ಯಾಸ್ ಸಿಲಿಂಡರ್ ಹೊತ್ತ ಒಬ್ಬ ಅದನ್ನಿಳಿಸಿ, ಕಾರಿಗೆ ಕೈಕೊಟ್ಟು, ಮತ್ತೆ ಹೊತ್ಕೊಂಡು ಏರು ಹತ್ತುತ್ತಾನೆ. ಕಾರು ಇನ್ನೊಂದು ಸಲ ಓಡಿ ಬಂದು ಏರುತ್ತದೆ, ಅವನ ಹತ್ತಿರ ನಿಂತು ಅವನನ್ನು ಹತ್ತಿಸಿಕೊಳ್ಳುತ್ತದೆ. ಇಬ್ಬರ ಮುಖವೂ ಕಾಣುವುದಿಲ್ಲ. ಯಾರು ಯಾರಿಗೆ ಸಹಾಯ ಮಾಡಿದರು ಅಂತ ಫೋಟೋ ತೆಗೆಯಲು ಬರುವುದಿಲ್ಲ. ಸಿಲಿಂಡರ್ ಮನೆ ಸೇರಿದರೆ ಒಲೆ ಹತ್ತುತ್ತದೆ.

ಆಫೀಸಿನವರು ಈ ವರ್ಷವೂ ಮಾತಾಡಲು ಕರೆದಿದ್ದಾರೆ, ‘ಅದೇ ಎಮ್ಮೆ ಸ್ಟೋರಿ ಹೇಳಿ’ ಅಂತ. ಹೇಳ್ತೀನಿ ಅಂದಿದ್ದೇನೆ. ಈ ಸಲ ತಗಡಿನ ಕೆಳಗೆ ಹಾಸಿದ ಕೌದಿಯಿಂದ ಶುರು ಮಾಡಬೇಕು. ಚಪ್ಪಾಳೆ ಕಮ್ಮಿ ಬಿದ್ದರೂ ಅಮ್ಮ ಫೋನ್ ಮಾಡಿ ಬೈಯಲಿಕ್ಕಿಲ್ಲ.